ಕೊಟ್ರೇಶ್ ಮೇಷ್ಟ್ರು ತಮಗೇ ಬರೆದುಕೊಂಡ ಬಿನ್ನವತ್ತಳೆ

ಮತ್ತೋಡಿನ ಸರ್ಕಾರಿ ಶಾಲೆಯ ಇಂಗ್ಲಿಷ್ ಮೇಷ್ಟ್ರು ಕೊಟ್ರೇಶ್ ನಿವೃತ್ತರಾಗಲು ಇನ್ನು ಹನ್ನೆರಡು ದಿನ ಉಳಿದಿತ್ತು. ಅದು ಎರಡು ಸಾವಿರದ ಏಳನೇ ಇಸವಿ. ಬೆಳಗಿನ ಪ್ರಾರ್ಥನೆ ಮುಗಿದ ಮೇಲೆ ಹೆಡ್‌ಮೇಷ್ಟ್ರು ಮೋಹನ್‌ಕುಮಾರ್ ತಮ್ಮ ಕೋಣೆಗೆ ಕೊಟ್ರೇಶ್ ಅವರನ್ನು ಕರೆದು ಕೂರಿಸಿ, ಮೇಜಿನ ಮೇಲಿದ್ದ ಗಾಜಿನ ಗುಂಡನ್ನು ಎರಡು ಸಲ ತಿರುಗಿಸಿ, ಹೇಳಲೋ ಬೇಡವೋ ಎನ್ನುವಂತೆ ಹೇಳಿದರು.

"ಸರ್, ಶಾಮಿಯಾನ ಹೇಳಿ ಆಯ್ತು. ಅಡಿಗೆಗೂ ಹೇಳಿ ಆಯ್ತು. ಬಿನ್ನವತ್ತಳೆ ಒಂದು ಬಾಕಿ ಐತೆ."

"ಬರ್ಸ್ರಿ."

"ಯಾರ ಕೈಲಿ ಬರ್ಸಾಣ ಸರ್? ಈ ಹೋಬಳಿಗೆಲ್ಲ ಬರ್ಕೊಡೋರು ನೀವೇ. ನಿಮ್ದೂ ನೀವೇ ಬರ್ದುಬಿಡ್ರಿ."

ಮಾತು ಸುಳ್ಳಲ್ಲ. ಸುತ್ತಮುತ್ತ ಯಾವ ಮೇಷ್ಟ್ರು ವರ್ಗವಾಗಲಿ, ಯಾವ ಪೋಸ್ಟ್‌ಮಾಸ್ಟರ್ ನಿವೃತ್ತನಾಗಲಿ, ಬೀಳ್ಕೊಡುಗೆಯ ದಿನ ಗಾಜಿನ ಚೌಕಟ್ಟಿನೊಳಗೆ ಹೂಬಳ್ಳಿಯ ಅಂಚು ಹಾಕಿ ಕೊಡುವ ಆ ಹೊಗಳಿಕೆ ಪತ್ರ ಕೊಟ್ರೇಶ್ ಅವರ ಕೈಯಿಂದಲೇ ಹೊರಡಬೇಕು. ಕರ್ಮಯೋಗಿಗಳೇ, ಸಹೃದಯರೇ, ಸರಳ ಸಜ್ಜನರೇ ಎಂದು ಒಂದೊಂದು ಪ್ಯಾರಾಕ್ಕೆ ಒಂದೊಂದು ಕೂಗು. ಹದಿಮೂರು ವರ್ಷದಲ್ಲಿ ಅರವತ್ತಕ್ಕೂ ಹೆಚ್ಚು ಬರೆದಿದ್ದರು. ಅರವತ್ತರಲ್ಲಿ ನಿಜವಾದದ್ದು ಏನು ಎಂದು ಯಾರಾದರೂ ಕೇಳಿದ್ದರೆ, ತಾರೀಕು ಮತ್ತು ಊರಿನ ಹೆಸರು ಎನ್ನಬೇಕಾಗಿತ್ತು.

ತೊಂದರೆ ಅದಲ್ಲ. ತೊಂದರೆ ಏನೆಂದರೆ ಆ ಬಿನ್ನವತ್ತಳೆಯನ್ನೇ ಹಿಡಿದುಕೊಂಡು ಅವರು ಊರ ಮಕ್ಕಳಿಗೆ ಇಂಗ್ಲಿಷ್ ಪದ್ಯ ಕಲಿಸಿಬಿಟ್ಟಿದ್ದರು.

ತೊಂಬತ್ತಮೂರರಲ್ಲಿ ಏಳನೇ ತರಗತಿಗೆ ಹೊಸ ಇಂಗ್ಲಿಷ್ ಪುಸ್ತಕ ಬಂತು. ಅದರ ಹಿಂದೆಯೇ ಮೇಷ್ಟ್ರುಗಳಿಗೆ ಚಿತ್ರದುರ್ಗದಲ್ಲಿ ಹತ್ತು ದಿನದ ತರಬೇತಿ ಬಂತು. ಇನ್ನು ಮುಂದೆ ಪದ್ಯವನ್ನು ಬಾಯಿಪಾಠ ಮಾಡಿಸಿದರೆ ಸಾಲದು, ಅದರ ಥೀಮ್ ಹೇಳಬೇಕು, ಐರನಿ ಹುಡುಕಬೇಕು ಎಂದರು. ಥೀಮ್ ಪಾಠ ಬೆಳಿಗ್ಗೆ ನಡೆದಿದ್ದರಿಂದ ಕೊಟ್ರೇಶ್ ಅವರಿಗೆ ಅಷ್ಟಿಷ್ಟು ತಲೆಗೆ ಹೋಯಿತು. ಐರನಿ ಪಾಠ ಮಧ್ಯಾಹ್ನ ಊಟ ಆದ ಮೇಲೆ. ಎಚ್ಚರಾದಾಗ ಅವರ ನೋಟ್‌ಬುಕ್ಕಿನಲ್ಲಿ ಒಂದೇ ಸಾಲು ಇತ್ತು: "ಹೇಳುವುದು ಒಂದು, ಇರುವುದು ಇನ್ನೊಂದು." ಯಾವಾಗ ಬರೆದರೋ ಅವರಿಗೇ ಜ್ಞಾಪಕವಿರಲಿಲ್ಲ.

ಒಂದು ವರ್ಷ ಆ ಒಂದು ಸಾಲಿನ ಮೇಲೆಯೇ ಪಾಠ ನಡೆಯಿತು. ಮಕ್ಕಳಿಗೆ ಏನೂ ತಲೆಗೆ ಹತ್ತಲಿಲ್ಲ.

"ಹೇಳೋದು ಒಂದು ಇರೋದು ಒಂದು ಅಂದ್ರೆ ಸುಳ್ಳು ಅಲ್ವಾ ಸರ್?" ಎಂದ ಒಬ್ಬ.

"ಸುಳ್ಳಲ್ಲ ಕಣಪ್ಪ. ಐರನಿನಾಗೆ ಕೇಳೋನಿಗೂ ನಿಜ ಗೊತ್ತಿರ್ತೈತೆ."

"ಹಂಗಾದ್ರೆ ನಮ್ಮಪ್ಪ ಬಸ್ಸಿನಾಗೆ ನಂಗೆ ಇನ್ನೂ ಐದು ವರ್ಷ ಅಂತಾನಲ್ಲ, ಅದು ಐರನಿನಾ ಸರ್? ಕಂಡಕ್ಟರ್‌ಗೂ ಗೊತ್ತೈತೆ."

ಕೊಟ್ರೇಶ್, ಗದ್ದಲ ಮಾಡಬೇಡಿ ಎಂದು ಬೋರ್ಡ್ ಒರೆಸಿದರು.

ತೊಂಬತ್ತನಾಲ್ಕರ ಅಕ್ಟೋಬರಿನಲ್ಲಿ ದೇವರೇ ದಾರಿ ತೋರಿಸಿದ. ಆಗಿನ ಹೆಡ್‌ಮೇಷ್ಟ್ರು ಪಾಪಣ್ಣ ಹಿರಿಯೂರು ಕಡೆಗೆ ವರ್ಗವಾದರು. ಪಾಪಣ್ಣ ಒಳ್ಳೆಯ ಮನುಷ್ಯ, ಯಾರಿಗೂ ಗದರಿದವರಲ್ಲ, ಆದರೆ ಆರು ವರ್ಷದಲ್ಲಿ ಒಂದು ದಿನವೂ ಪ್ರಾರ್ಥನೆ ನೋಡಿದವರಲ್ಲ. ಹೊಸದುರ್ಗದಿಂದ ಹನ್ನೊಂದು ಗಂಟೆ ಬಸ್ಸಿಗೆ ಇಳಿಯುತ್ತಿದ್ದರು. ಇಂಥವರಿಗೆ ಬಿನ್ನವತ್ತಳೆ ಬರೆಯುವ ಕೆಲಸ ಕೊಟ್ರೇಶ್ ಅವರ ತಲೆಗೆ ಬಿತ್ತು. ಅದೇ ಅವರ ಮೊದಲನೆಯದು. ಹೊಸದುರ್ಗದ ಪ್ರೆಸ್ಸಿನಲ್ಲಿದ್ದ ಹಳೆಯ ಮಾದರಿ ನೋಡಿಕೊಂಡು, "ಸಮಯಪಾಲಕರೇ, ತಮ್ಮ ಆಗಮನವನ್ನು ನೋಡಿ ಊರಿನವರು ಗಡಿಯಾರ ಸರಿಮಾಡಿಕೊಳ್ಳುತ್ತಿದ್ದರು" ಎಂದು ಬರೆದರು. ಪಾಪಣ್ಣ ಅದನ್ನು ಎದೆಗೊತ್ತಿಕೊಂಡು ಕಣ್ಣೀರು ಹಾಕಿದರು.

ಮಾರನೆಯ ದಿನ ಏಳನೇ ತರಗತಿಗೆ ಹೋದಾಗ ಅದರ ಕರಡು ಜೇಬಿನಲ್ಲೇ ಉಳಿದಿತ್ತು. ಶೇಂಗಾ ಕೀಳುವ ಕಾಲ, ನಲವತ್ತು ಮಕ್ಕಳಲ್ಲಿ ಇಪ್ಪತ್ತೆಂಟು ಮಾತ್ರ ಬಂದಿದ್ದವು. ಕೊಟ್ರೇಶ್ ಸುಮ್ಮನೆ ಕರಡು ತೆಗೆದು, ಒಂದಕ್ಷರ ವಿವರಣೆ ಕೊಡದೆ ಓದಿದರು. "ಸಮಯಪಾಲಕರೇ" ಎನ್ನುವಷ್ಟರಲ್ಲಿ ಇಪ್ಪತ್ತೆಂಟೂ ಬಿದ್ದು ಬಿದ್ದು ನಗತೊಡಗಿದವು. "ಯಾಕ್ರಲೇ ನಗ್ತೀರಾ?" ಎಂದರು. "ಹೇಳೋದು ಒಂದು, ಇರೋದು ಇನ್ನೊಂದು ಸರ್" ಎಂದು ಇಡೀ ತರಗತಿ ಒಟ್ಟಿಗೆ ಕೂಗಿತು. ಕೊಟ್ರೇಶ್ ಅವರಿಗೆ ಆದ ಸಂತೋಷ ಅಷ್ಟಿಷ್ಟಲ್ಲ. ಹದಿನೆಂಟು ವರ್ಷದ ನೌಕರಿಯಲ್ಲಿ ಒಂದು ಪಾಠ ಒಂದೇ ಏಟಿಗೆ ಎಲ್ಲರ ತಲೆಗೆ ಹೋಗಿದ್ದು ಅದೇ ಮೊದಲು.

ಅಲ್ಲಿಂದ ಪ್ರತಿ ವರ್ಷ ಅದೇ ಪಾಠ. ಪಬ್ಲಿಕ್ ಪರೀಕ್ಷೆಯಲ್ಲಿ ಒಬ್ಬ ಹುಡುಗ "ಐರನಿ ಎಂದರೆ ಬಿನ್ನವತ್ತಳೆ" ಎಂದೇ ಬರೆದು ಬಂದ. ತಿದ್ದಿದವರೂ ಯಾರೋ ಬಿನ್ನವತ್ತಳೆ ಕಂಡವರೇ ಇರಬೇಕು, ಅರ್ಧ ಅಂಕ ಕೊಟ್ಟಿದ್ದರು. ಮಾತು ಶಾಲೆ ಬಿಟ್ಟು ಊರಿಗೆ ಇಳಿಯಿತು. ಯಾರಾದರೂ ಸ್ವಲ್ಪ ಹೊಗಳಿದರೆ ಸಾಕು, "ಏನಪ್ಪ, ಬಿನ್ನವತ್ತಳೆ ಓದ್ತಿದೀಯಾ" ಎನ್ನುತ್ತಿದ್ದರು. ಕೊಟ್ರೇಶ್ ಅವರ ಮನೆಯಲ್ಲೂ ಅದೇ ಕಥೆ. ಒಂದು ದಿನ ಸಾರು ನಿಜವಾಗಿಯೂ ರುಚಿಯಾಗಿತ್ತು. "ಅಮೃತ ಆಗೈತೆ ಕಣೇ" ಎಂದರು. ಹೆಂಡತಿ ಏಕಾಂತಮ್ಮ ಸೌಟು ಕೆಳಗಿಟ್ಟು, "ಬಿನ್ನವತ್ತಳೆ ಓದ್ಬ್ಯಾಡ್ರಿ. ಉಪ್ಪು ಕಮ್ಮಿ ಆಗಿದ್ರೆ ನೆಟ್ಟಗೆ ಹೇಳ್ರಿ" ಎಂದರು. ಆಣೆ ಮಾಡಿದರೂ ನಂಬಲಿಲ್ಲ. ಅವತ್ತಿಂದ ಆ ಮನೆಯಲ್ಲಿ ಊಟ ಹೊಗಳುವುದು ನಿಂತೇಹೋಯಿತು.

ಇಷ್ಟೆಲ್ಲ ನಗುವಿನ ನಡುವೆ ಒಂದು ತಪ್ಪು ನಡೆದುಹೋಗಿತ್ತು.

ಏಳನೇ ತರಗತಿಯ ಆ ಇಂಗ್ಲಿಷ್ ಪುಸ್ತಕದಲ್ಲಿ ಒಬ್ಬ ಮುದುಕ ಮತ್ತು ಒಂದು ಸೈಕಲ್ಲಿನ ಬಗ್ಗೆ ಒಂದು ಪದ್ಯ ಇತ್ತು. ಎತ್ತರದ ಮುದುಕ ದಿನಾ ಬೆಳಿಗ್ಗೆ ಎದ್ದು ಅಂಗಳದಲ್ಲಿರುವ ಸಣ್ಣ ಸೈಕಲ್ಲನ್ನು ಒರೆಸುತ್ತಾನೆ, ಎಣ್ಣೆ ಬಿಡುತ್ತಾನೆ, ಗಂಟೆ ಬಾರಿಸಿ ನೋಡುತ್ತಾನೆ, ಆಮೇಲೆ ಚೀಲ ಹೆಗಲಿಗೆ ಹಾಕಿಕೊಂಡು ಸಂತೆಗೆ ನಡೆದುಕೊಂಡು ಹೋಗುತ್ತಾನೆ. ಅಷ್ಟೇ ಪದ್ಯ. ಗೈಡಿನಲ್ಲಿ ಉತ್ತರ ಸ್ಪಷ್ಟವಾಗಿತ್ತು: ಸೈಕಲ್ ಇದ್ದವನೇ ನಡೆದು ಹೋಗುವುದು ಐರನಿ, ಜಿಪುಣತನ ಥೀಮ್. ಕೊಟ್ರೇಶ್ ಪದ್ಯಕ್ಕಿಂತ ಗೈಡನ್ನು ಹೆಚ್ಚು ನಂಬುವವರು. ಪದ್ಯ ಕವಿಗೆ ಹೇಗೆ ಬಂತೋ ಹಾಗೆ ಬರೆದಿರುತ್ತಾನೆ, ಗೈಡ್ ಬರೆದವನು ಪರೀಕ್ಷೆ ನೋಡಿಕೊಂಡು ಬರೆದಿರುತ್ತಾನೆ ಎನ್ನುವುದು ಅವರ ಲೆಕ್ಕಾಚಾರ.

ತೊಂಬತ್ತನಾಲ್ಕರ ನವೆಂಬರಿನ ಕಿರುಪರೀಕ್ಷೆಯಲ್ಲಿ, ಈ ಪದ್ಯದಲ್ಲಿ ಐರನಿ ಏನು ಎಂದು ಐದು ಅಂಕಕ್ಕೆ ಕೇಳಿದರು. ಮೂವತ್ತೊಂಬತ್ತು ಮಕ್ಕಳು ಗೈಡಿನ ಉತ್ತರ ಬರೆದರು. ಕೂಲಿಗೆ ಹೋಗುವ ಚಂದ್ರಕ್ಕನ ಮಗಳು ಅನುಸೂಯ ಮಾತ್ರ ಅರ್ಧ ಇಂಗ್ಲಿಷು ಅರ್ಧ ಕನ್ನಡದಲ್ಲಿ, ಇಲ್ಲಿ ಐರನಿ ಏನೂ ಇಲ್ಲ, ಮುದುಕ ಎತ್ತರ ಇದ್ದಾನೆ, ಸೈಕಲ್ ಸಣ್ಣದು, ಅದು ಅವನದಲ್ಲ, ಯಾವುದೋ ಮಗುವಿನದು, ಆ ಮಗು ಈಗ ಇಲ್ಲ ಎಂದು ಬರೆದಿದ್ದಳು.

ಕೊಟ್ರೇಶ್ ಅವತ್ತು ಮೂವತ್ತೊಂಬತ್ತು ಪತ್ರಿಕೆ ತಿದ್ದಿ ಬೇಸತ್ತಿದ್ದರು. ಕೆಂಪು ಪೆನ್ನಿನಲ್ಲಿ ದೊಡ್ಡ ಸೊನ್ನೆ ಸುತ್ತಿ, ಪಕ್ಕದಲ್ಲಿ "ಭೇಷ್. ನಾಳೆಯಿಂದ ನೀನೇ ಪಾಠ ಮಾಡು" ಎಂದು ಬರೆದರು. ಬರೆದಿದ್ದು ಸಾಲದು ಎಂದು ತರಗತಿಯಲ್ಲಿ ಗಟ್ಟಿಯಾಗಿ ಓದಿದರು ಕೂಡ. ಮಕ್ಕಳೆಲ್ಲ ನಕ್ಕವು. ಅನುಸೂಯ ನಗಲಿಲ್ಲ, ಪತ್ರಿಕೆಯನ್ನು ನಾಲ್ಕು ಮಡಿಕೆ ಮಾಡಿ ಚೀಲದಲ್ಲಿಟ್ಟುಕೊಂಡಳು. ಎರಡು ದಿನ ಶಾಲೆಗೆ ಬರಲಿಲ್ಲ. ಮೂರನೇ ದಿನ ಬಂದಾಗ ಅವಳ ಮುಖ ನೋಡಲು ಮೇಷ್ಟ್ರಿಗೆ ಯಾಕೋ ಆಗಲಿಲ್ಲ. ಪದ್ಯ ಬಿಟ್ಟು ಗ್ರಾಮರ್ ತೆಗೆದುಕೊಂಡರು. ಆಮೇಲೆ ಮರೆತರು.

ಹನ್ನೊಂದು ವರ್ಷ ಕಳೆದು, ಎರಡು ಸಾವಿರದ ಐದರಲ್ಲಿ, ಕೊಟ್ರೇಶ್ ಅವರ ಗೈಡು ಹೊಸದುರ್ಗದ ಬಸ್ಸಿನಲ್ಲಿ ಕಳೆದುಹೋಯಿತು. ಆ ಪುಸ್ತಕಕ್ಕೆ ಅದೇ ಕೊನೆಯ ವರ್ಷ, ಅಂಗಡಿಯಲ್ಲಿ ಗೈಡ್ ಸಿಗಲಿಲ್ಲ. ಬೇರೆ ದಾರಿ ಕಾಣದೆ ಅವರು ಮೊಟ್ಟಮೊದಲ ಬಾರಿಗೆ ಪದ್ಯವನ್ನೇ ಓದಿದರು. ಎರಡನೇ ಸಾಲಿನಲ್ಲಿ ಮುದುಕ ಎತ್ತರ ಎಂದಿತ್ತು. ನಾಲ್ಕನೇ ಸಾಲಿನಲ್ಲಿ ಸೈಕಲ್ ಸಣ್ಣದು ಎಂದಿತ್ತು. ಇಷ್ಟು ವರ್ಷ ಅದು ಅಲ್ಲೇ ಇತ್ತು. ಅನುಸೂಯಳ ಪತ್ರಿಕೆಗೆ ಸುತ್ತಿದ ಸೊನ್ನೆ ಕೊಟ್ರೇಶ್ ಅವರಿಗೆ ನೆನಪಾಯಿತು. ಸೀಮೆಸುಣ್ಣ ಕೆಳಗಿಟ್ಟು, ಓದಿಕೊಳ್ಳಿ ಎಂದು ಮಕ್ಕಳಿಗೆ ಹೇಳಿ, ಬೆಲ್ ಹೊಡೆಯುವವರೆಗೂ ಕಿಟಕಿಯ ಹತ್ತಿರ ನಿಂತಿದ್ದರು.

ಮನೆಗೆ ಬಂದು ಹೆಂಡತಿಗೆ ಎಲ್ಲ ಹೇಳಿದರು. ಏಕಾಂತಮ್ಮ ಶೇಂಗಾ ಸುಲಿಯುವುದನ್ನು ನಿಲ್ಲಿಸದೆ ಕೇಳಿಸಿಕೊಂಡು, "ಇಷ್ಟು ಸಣ್ಣ ವಿಷ್ಯ ಹುಡುಗಿಗೆ ಕಾಣ್ತು, ನಿಮಗೆ ಕಾಣ್ಲಿಲ್ವಾ? ಹೋಗಿ ಅವಳ ಹತ್ರ ತಪ್ಪಾಯ್ತು ಅನ್ರಿ" ಎಂದರು. ವಿಚಾರಿಸಿದರೆ ಅನುಸೂಯ ಟಿ.ಸಿ.ಎಚ್. ಓದಿ, ಹಿರಿಯೂರು ತಾಲ್ಲೂಕಿನ ಯಲ್ಲದಕೆರೆಯಲ್ಲಿ ಟೀಚರ್ ಆಗಿದ್ದಾಳೆ ಎಂದು ತಿಳಿಯಿತು. ಅದೂ ಇಂಗ್ಲಿಷ್ ಟೀಚರ್. ಕೊಟ್ರೇಶ್ ಅವರಿಗೆ ಇನ್ನಷ್ಟು ನಾಚಿಕೆಯಾಯಿತು. ಈ ಭಾನುವಾರ ಹೋಗೋಣ, ಮುಂದಿನ ಭಾನುವಾರ ಹೋಗೋಣ ಎಂದು ಎರಡು ವರ್ಷ ತಳ್ಳಿದರು.

ಈಗ ಹನ್ನೆರಡು ದಿನ ಉಳಿದಿರುವಾಗ ಬಿನ್ನವತ್ತಳೆಯ ಕೆಲಸ ಬಂದಿತ್ತು. ಕೊಟ್ರೇಶ್ ಎರಡು ದಿನ ಯೋಚಿಸಿದರು. ತಮ್ಮನ್ನು ತಾವೇ ಕರ್ಮಯೋಗಿ ಎಂದು ಬರೆದುಕೊಂಡರೆ ತಾವೇ ಕಲಿಸಿದ ಊರು ಬಿದ್ದು ಬಿದ್ದು ನಗುತ್ತದೆ. ಇನ್ನೊಂದು ದಾರಿ ಇತ್ತು. ಇಡೀ ತರಗತಿಯ ಎದುರಿಗೆ ಮಾಡಿದ ತಪ್ಪನ್ನು ಇಡೀ ಊರಿನ ಎದುರಿಗೇ ಒಪ್ಪಿಕೊಳ್ಳುವುದು, ಅದನ್ನು ಅನುಸೂಯ ಕೂತು ಕೇಳುವುದು. ಅವಳಿಗೆ ಕರೆಯೋಲೆ ಕಳಿಸಿದರು. ಆಮೇಲೆ ಒಂದೇ ಪಟ್ಟಿಗೆ ಕೂತು ಬಿನ್ನವತ್ತಳೆ ಬರೆದು ಪ್ರೆಸ್ಸಿಗೆ ಕೊಟ್ಟರು.

ಸಂಜೆಗೆ ಪ್ರೆಸ್ಸಿನ ಈರಬಸಪ್ಪ ಫೋನ್ ಮಾಡಿದ. "ಮೇಷ್ಟ್ರೆ, ಏನೋ ಅದಲು ಬದಲಾಗಿರಂಗೈತೆ. ಬೈದಂಗೈತಲ್ಲ ಇದ್ರಾಗೆ."

"ಹಂಗೇ ಹಾಕಪ್ಪ."

"ಅಂಚಿಗೆ ಹೂಬಳ್ಳಿನೇ ಇರ್ಲಾ?"

"ಹೂಬಳ್ಳಿನೇ ಇರ್ಲಿ."

ಬೀಳ್ಕೊಡುಗೆಯ ದಿನ ಬೆಳಿಗ್ಗೆ ಎಂಟಕ್ಕೇ ಕೊಟ್ರೇಶ್ ಶಾಲೆಗೆ ಹೋದರೆ, ಶಾಮಿಯಾನದ ಗೂಟ ಹೊಡೆಯುವವರ ಪಕ್ಕದಲ್ಲಿ ಕುರ್ಚಿ ಹಾಕಿಕೊಂಡು ಒಬ್ಬರು ಕೂತಿದ್ದರು. ಹಳೆಯ ಹೆಡ್‌ಮೇಷ್ಟ್ರು ಪಾಪಣ್ಣ. ಕೊಟ್ರೇಶ್ ತಮ್ಮ ವಾಚನ್ನೊಮ್ಮೆ ನೋಡಿಕೊಂಡರು.

"ಯಾಕ್ರೀ ಗಡಿಯಾರ ನೋಡ್ತೀರಾ?" ಎಂದರು ಪಾಪಣ್ಣ. "ನೀವೇ ಬರ್ದಿದ್ರಲ್ಲ, ಸಮಯಪಾಲಕ ಅಂತ. ಅದನ್ನ ಹಾಲ್‌ನಾಗೆ ತೂಗುಹಾಕಿದ ಮೇಲೆ ತಡವಾಗಿ ಏಳಾಕೆ ನಾಚಿಕೆ ಆಗಾಕೆ ಶುರುವಾಯ್ತು. ಹಿರಿಯೂರಿನಾಗೆ ಒಂದಿನಾನೂ ಪ್ರಾರ್ಥನೆ ತಪ್ಪಿಸ್ಲಿಲ್ಲ ನಾನು."

ಕೊಟ್ರೇಶ್ ವಾಚಿನ ಮೇಲೆ ಅಂಗಿಯ ತೋಳು ಎಳೆದುಕೊಂಡು, ಬರ್ರಿ ಕಾಫಿ ಕುಡಿಯಾಣ ಎಂದರು.

ಹನ್ನೊಂದು ಗಂಟೆಗೆ ಶಾಮಿಯಾನ ತುಂಬಿತು. ಮೂರನೇ ಸಾಲಿನ ತುದಿಯಲ್ಲಿ, ಚಂದ್ರಕ್ಕನ ಪಕ್ಕದಲ್ಲಿ, ಹಸಿರು ಸೀರೆಯ ಅನುಸೂಯ ತೊಡೆಯ ಮೇಲೆ ಒಂದು ಚೀಲ ಇಟ್ಟುಕೊಂಡು ಕೂತಿದ್ದಳು. ಹಾರ, ಶಾಲು, ಹಣ್ಣಿನ ಬುಟ್ಟಿ ಮುಗಿದ ಮೇಲೆ ಮೋಹನ್‌ಕುಮಾರ್ ಕಾಗದ ಬಿಚ್ಚಿ ಚೌಕಟ್ಟು ಹೊರಗೆ ತೆಗೆದರು. ಮೊದಲೇ ಓದಿ ನೋಡುವ ಪದ್ಧತಿ ಇರಲಿಲ್ಲ, ಕೊಟ್ರೇಶ್ ಬರೆದದ್ದು ಎಂದ ಮೇಲೆ ನೋಡುವುದೇನು. ಮೈಕಿನ ಹತ್ತಿರ ಬಾಯಿಟ್ಟು ಎಂದಿನ ಗಂಭೀರ ದನಿಯಲ್ಲಿ ಶುರುಮಾಡಿದರು.

"ಗೈಡ್‌ಪ್ರಿಯರೇ, ಮೂವತ್ತೊಂದು ವರ್ಷ ತಾವು ಗೈಡಿನ ನೆರವಿಲ್ಲದೆ ಒಂದೇ ಒಂದು ಪದ್ಯವನ್ನೂ ಅರ್ಥ ಮಾಡಿಕೊಂಡವರಲ್ಲ..."

ಅಷ್ಟಕ್ಕೇ ನಿಲ್ಲಿಸಿ ಅವರು ಕೊಟ್ರೇಶ್ ಅವರ ಕಡೆ ತಿರುಗಿ ನೋಡಿದರು. ಅಷ್ಟರಲ್ಲಿ ಕೆಳಗೆ ಕೂತ ಹಳೆಯ ವಿದ್ಯಾರ್ಥಿಗಳು ಚಪ್ಪಾಳೆ ಹೊಡೆದು ನಗತೊಡಗಿದ್ದರು. ಹೆಡ್‌ಮೇಷ್ಟ್ರಿಗೂ ಧೈರ್ಯ ಬಂತು.

"ಮುಂಗೋಪಿಗಳೇ, ತಮ್ಮ ಸಿಟ್ಟಿಗೆ ಹೆದರಿ ಎಷ್ಟೋ ಮಕ್ಕಳು ಕೇಳಬೇಕಾದ್ದನ್ನು ಕೇಳದೇ ಉಳಿದರು..." ಮತ್ತೆ ಚಪ್ಪಾಳೆ. "ದೇವ್ರಂಥ ಮನುಷ್ಯ" ಎಂದು ಯಾರೋ ಹೆಂಗಸು ಕಣ್ಣೊರೆಸಿಕೊಂಡಳು.

ಕೊಟ್ರೇಶ್ ಅವರಿಗೆ ಆಗ ಹೊಳೆಯಿತು. ತಾವು ಕಲಿಸಿದ್ದನ್ನು ಊರು ಚೆನ್ನಾಗಿಯೇ ಕಲಿತಿತ್ತು. ಹೊಗಳಿದರೆ ಬೈಗುಳ, ಬೈದರೆ ಹೊಗಳಿಕೆ. ಈಗ ಏನು ಹೇಳಿದರೂ ಅದು ತಿರುಗಾಮುರುಗಾ ಆಗಿಯೇ ತಲುಪುತ್ತಿತ್ತು.

"ಕಣ್ಣಿದ್ದೂ ಕಾಣದವರೇ, ತೊಂಬತ್ತನಾಲ್ಕನೇ ಇಸವಿಯಲ್ಲಿ, ಸರಿಯಾದ ಉತ್ತರ ಬರೆದ ಒಬ್ಬಳೇ ಒಬ್ಬ ಹುಡುಗಿಗೆ ಸೊನ್ನೆ ಕೊಟ್ಟು, ಅವಳನ್ನು ತರಗತಿಯ ಎದುರು ನಗೆಪಾಟಲು ಮಾಡಿದಿರಿ. ಅವಳು ಕಂಡದ್ದನ್ನು ಕಾಣಲು ತಮಗೆ ಹನ್ನೊಂದು ವರ್ಷ ಹಿಡಿಯಿತು..."

ಇದಕ್ಕೆ ಬಿದ್ದಷ್ಟು ಚಪ್ಪಾಳೆ ಆ ದಿನ ಇನ್ಯಾವುದಕ್ಕೂ ಬೀಳಲಿಲ್ಲ. ಕೊಟ್ರೇಶ್ ತಡೆಯಲಾರದೆ ಎದ್ದು ಮೈಕ್ ಹಿಡಿದರು. "ಅದು ನಿಜ ಕಣ್ರಪ್ಪ. ನಿಜವಾಗ್ಲೂ ನಿಜ."

"ಮೇಷ್ಟ್ರು ಇನ್ನೂ ಐರನಿ ಬಿಟ್ಟಿಲ್ಲ" ಎಂದು ಹಿಂದಿನ ಸಾಲಿನಿಂದ ಒಬ್ಬ ಕೂಗಿದ. ಶಾಮಿಯಾನ ಹಾರಿಹೋಗುವಷ್ಟು ನಗು. ಪಕ್ಕದಲ್ಲಿ ಪಾಪಣ್ಣ ಮಾತ್ರ ಸಪ್ಪೆ ಮುಖ ಮಾಡಿಕೊಂಡು, "ಇಂಥದ್ದೆಲ್ಲ ಯಾಕ್ರೀ ಬರ್ಸಿದ್ರಿ" ಎಂದು ಮೋಹನ್‌ಕುಮಾರ್ ಅವರನ್ನು ಕೇಳುತ್ತಿದ್ದರು. ಕೊಟ್ರೇಶ್ ಮೂರನೇ ಸಾಲಿನ ತುದಿ ನೋಡಿದರು. ಅನುಸೂಯ ನಗುತ್ತಿರಲಿಲ್ಲ.

ಊಟಕ್ಕೆ ಎಲೆ ಹಾಕುವ ಹೊತ್ತಿಗೆ ಅವಳೇ ಬಂದು ಕಾಲಿಗೆ ನಮಸ್ಕಾರ ಮಾಡಿದಳು.

"ಅನುಸೂಯ, ಅದು ಐರನಿ ಅಲ್ಲಮ್ಮ. ನಿನಗೆ ಅಂತಲೇ ಬರ್ದಿದ್ದು. ತಪ್ಪಾಯ್ತು."

"ಗೊತ್ತು ಸರ್." ಅವಳು ಚೀಲದಿಂದ ಪ್ಲಾಸ್ಟಿಕ್ ಹೊದಿಕೆಯೊಳಗಿದ್ದ ಒಂದು ಹಾಳೆ ತೆಗೆದಳು. ನಾಲ್ಕು ಮಡಿಕೆಯ ಗುರುತು, ಮಾಸಿದ ಕೆಂಪು ಶಾಯಿ, ಸೊನ್ನೆ, ಪಕ್ಕದಲ್ಲಿ ಅವರದೇ ಅಕ್ಷರ.

"ಇದನ್ನ ಇಟ್ಕಂಡಿದೀಯಾ? ಎರಡು ದಿನ ಶಾಲೆಗೆ ಬರ್ಲಿಲ್ಲ ನೀನು. ಅತ್ತಿದ್ದೆ ಅನ್ಸುತ್ತೆ."

"ಅಳಾಕೆ ಎಲ್ಲಿ ಪುರುಸೊತ್ತು ಸರ್? ನಾಳೆಯಿಂದ ನೀನೇ ಪಾಠ ಮಾಡು ಅಂತ ಬರ್ದಿದ್ರಿ. ಎರಡು ದಿನ ಮನೇಲಿ ಕುಂತು ಪಾಠ ತಯಾರಿ ಮಾಡ್ಕಂಡೆ. ನಮ್ಮವ್ವನ್ನ ಎದುರಿಗೆ ಕುಂಡ್ರಿಸ್ಕಂಡು ಮಾಡಿ ನೋಡ್ದೆ. ಮೂರನೇ ದಿನ ಬಂದ್ರೆ ನೀವು ಗ್ರಾಮರ್ ತಗಂಡ್ಬಿಟ್ರಿ."

"ಕ್ಲಾಸೆಲ್ಲ ನಕ್ಕಿತ್ತಲ್ಲಮ್ಮ."

"ಅವ್ರಿಗೆ ನೀವು ಬಿನ್ನವತ್ತಳೆ ಪಾಠ ಮಾಡಿದ್ರಿ ಸರ್. ಅವತ್ತು ನಾನು ಬಂದಿರ್ಲಿಲ್ಲ, ಅವ್ವನ ಜೊತೆ ಶೇಂಗಾ ಕೀಳಾಕೆ ಹೋಗಿದ್ದೆ."

"ಸೊನ್ನೆ ಕಾಣ್ಲಿಲ್ವಾ?"

"ಸೊನ್ನೆ ಗೈಡಿಂದು, ಮಾತು ನಿಮ್ದು ಅನ್ಕಂಡೆ."

ಕೊಟ್ರೇಶ್ ಕನ್ನಡಕ ತೆಗೆದು ಹೊಸ ಶಾಲಿನಲ್ಲೇ ಒರೆಸಿಕೊಂಡರು. "ಮತ್ತೆ ಯಾವಾಗ ಗೊತ್ತಾಯ್ತು?"

"ಟಿ.ಸಿ.ಎಚ್. ಎರಡನೇ ವರ್ಷ. ಐರನಿನಾಗೆ ಹೊಗಳಿದ್ರೆ ಬೈಗುಳ ಅಂತ ಅಲ್ಲಿ ಹೇಳಿಕೊಟ್ರು. ಹಾಸ್ಟೆಲ್‌ಗೆ ಬಂದು ಒಂದಿನ ಪೂರ್ತಿ ಅತ್ತೆ ಸರ್. ಆಮೇಲೆ ನೋಡಿದ್ರೆ ಟೀಚರ್ ಆಗಾಕೆ ಮೂರೇ ತಿಂಗ್ಳು ಉಳಿದಿತ್ತು. ಇನ್ನೇನು ಮಾಡಾಣ ಅಂತ ಆಗೇಬಿಟ್ಟೆ."

ಕೊಟ್ರೇಶ್ ಜೇಬಿನಿಂದ ಕೆಂಪು ಪೆನ್ನು ತೆಗೆದು, ಕೊಡಮ್ಮ ಇಲ್ಲಿ ಎಂದು ಹಾಳೆಗೆ ಕೈಚಾಚಿದರು. ಅನುಸೂಯ ಹಾಳೆಯನ್ನು ಹಿಂದಕ್ಕೆ ಎಳೆದುಕೊಂಡಳು.

"ಐದು ಮಾಡ್ಬ್ಯಾಡ್ರಿ ಸರ್. ವರ್ಷಾ ವರ್ಷಾ ನನ್ನ ಮಕ್ಳಿಗೆ ಐರನಿ ಪಾಠಕ್ಕೆ ಇದನ್ನೇ ತೋರಿಸ್ತೀನಿ. ಸೊನ್ನೆ ಹೋದ್ರೆ ಪಾಠ ಕೆಡ್ತೈತೆ."

"ತೋರಿಸಿದ್ರೆ ಮಕ್ಳು ಏನಂತಾವೆ?"

"ಎಲ್ಲ ನಗ್ತಾವೆ. ಯಾವಾಗ್ಲೂ ಒಂದೋ ಎರಡೋ ನಗಲ್ಲ. ಅವು ಬರ್ದ ಉತ್ತರನ ನಾನು ಎರಡು ಸಲ ಓದ್ತೀನಿ."

ಕೊಟ್ರೇಶ್ ಪೆನ್ನಿಗೆ ಮುಚ್ಚಳ ಹಾಕಿದರು. ಅಷ್ಟರಲ್ಲಿ ಏಕಾಂತಮ್ಮ ಬಂದು, ಎಲೆ ಹಾಕಿ ಎಷ್ಟೊತ್ತಾಯ್ತು ಎಂದು ಇಬ್ಬರನ್ನೂ ಕರೆದುಕೊಂಡು ಹೋಗಿ ಪಂಕ್ತಿಯಲ್ಲಿ ಕೂರಿಸಿ, ಬೆಳಗಿನಿಂದ ತಾವೇ ಒಲೆಯ ಮುಂದೆ ನಿಂತು ಮಾಡಿದ ಪಾಯಸ ಬಡಿಸಿದರು. ಕೊಟ್ರೇಶ್ ಒಂದು ತುತ್ತು ಬಾಯಿಗಿಟ್ಟುಕೊಂಡು, ತಲೆ ಎತ್ತಿ, "ಅಮೃತ ಆಗೈತೆ ಕಣೇ" ಎಂದರು. ಏಕಾಂತಮ್ಮ ಬಿನ್ನವತ್ತಳೆ ಎನ್ನಲು ಬಾಯಿ ತೆಗೆದವರು ಗಂಡನ ಮುಖ ನೋಡಿ ಇನ್ನೊಂದು ಸೌಟು ಹಾಕಿ ಮುಂದಿನ ಎಲೆಗೆ ಹೋದರು.